ಐದನೇ ಗೇರೋ, ಒಂದು ಹಲ್ಲು ಜಾಸ್ತಿಯೋ? ನಮ್ಮ ಬುಲೆಟ್‌ಗೆ ಎರಡನ್ನೂ ಹಾಕಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ. ಹಳೆಯ ನಾಲ್ಕು ಗೇರಿನ ಬುಲೆಟ್ 350 ಇದ್ದು, ಐದು ಗೇರಿನ ಬಾಕ್ಸ್ ಹಾಕಿಸೋಣ ಅಂತ ಯೋಚನೆ ಮಾಡುತ್ತಿದ್ದರೆ, ಅದಕ್ಕೂ ಮುಂಚೆ ಮುಂದಿನ ಸ್ಪ್ರಾಕೆಟ್‌ಗೆ, ಅಂದರೆ ಗೇರ್ ಬಾಕ್ಸಿನ ಕಡೆಯಿಂದ ಚೈನ್ ಎಳೆಯುವ ಹಲ್ಲಿನ ಚಕ್ರಕ್ಕೆ, ಒಂದು ಹಲ್ಲು ಜಾಸ್ತಿ ಮಾಡಿಸಿ ನೋಡಿ. ನಾನು ಉಲ್ಟಾ ಮಾಡಿದೆ. ಮೊದಲು ಸೆಕೆಂಡ್ ಹ್ಯಾಂಡ್ ಐದು ಗೇರಿನ ಬಾಕ್ಸ್ ತಂದು ಹಾಕಿಸಿದೆ. ಬಾಕ್ಸು, ಸಣ್ಣಪುಟ್ಟ ಸಾಮಾನು, ಕೂಲಿ ಎಲ್ಲ ಸೇರಿ 23,500 ರೂಪಾಯಿ ಆಯಿತು. ಏಳು ತಿಂಗಳು ಓಡಿಸಿ ಬಿಚ್ಚಿಸಿದೆ. ಈಗ ಹಳೆಯ ಬಾಕ್ಸೇ ಇದೆ, ಜೊತೆಗೆ 16ರ ಬದಲು 17 ಹಲ್ಲಿನ ಸ್ಪ್ರಾಕೆಟ್. ಅದಕ್ಕೆ ಆದ ಖರ್ಚು 2,600.

ಗಾಡಿ ಅಪ್ಪನದು, 1987ರದ್ದು. ಬೆಳಗ್ಗೆ ಅವರು ನಾಲೆ ಏರಿ ಮೇಲೆ ಗದ್ದೆಗೆ ಹೋಗಿ ಬರುತ್ತಾರೆ. ಆಮೇಲೆ ನಾನು ಮಂಡ್ಯದಿಂದ ಮೈಸೂರಿಗೆ ಕೆಲಸಕ್ಕೆ ತೆಗೆದುಕೊಂಡು ಹೋಗುತ್ತೇನೆ. ಹೋಗುವಾಗ ಸುಮಾರು 45 ಕಿಲೋಮೀಟರ್, ಬರುವಾಗ ಅಷ್ಟೇ. ಅರವತ್ತು ದಾಟಿದರೆ ಎಂಜಿನ್ ಏದುಸಿರು ಬಿಟ್ಟ ಹಾಗೆ ಕೇಳುತ್ತಿತ್ತು. ಹಿಡಿಯಲ್ಲಿ ನಡುಕ ಬಂದು, ಶ್ರೀರಂಗಪಟ್ಟಣ ಮುಟ್ಟುವಷ್ಟರಲ್ಲಿ ಬೆರಳು ಜೋಮು ಹಿಡಿಯುತ್ತಿತ್ತು. ಕೇಳಿದವರೆಲ್ಲ ಒಂದೇ ಮಾತು ಹೇಳಿದರು: ಐದನೇ ಗೇರ್ ಹಾಕಿಸು, ಎಂಜಿನ್ ಹಗುರಾಗುತ್ತದೆ. ನಾನೂ ನಂಬಿದೆ.

ಅಲ್ಲೇ ನಾನು ತಪ್ಪಿದ್ದು. ಹಳೆಯ ಬಾಕ್ಸಿನ ಅನುಪಾತ (ಬಾಕ್ಸಿನ ಒಳಕ್ಕೆ ಎಷ್ಟು ಸುತ್ತು ಬಂದರೆ ಹೊರಕ್ಕೆ ಒಂದು ಸುತ್ತು ಅನ್ನುವ ಲೆಕ್ಕ) ಒಂದರಿಂದ ನಾಲ್ಕರವರೆಗೆ 2.78, 1.84, 1.36, 1.00. ಐದು ಗೇರಿನದು 3.06, 2.01, 1.52, 1.21, 1.00. ಕೊನೆಯ ಅಂಕಿ ನೋಡಿ. ಎರಡರಲ್ಲೂ ಟಾಪ್ ಗೇರ್ ಒಂದಕ್ಕೆ ಒಂದೇ. ನಾಲ್ಕರ ಮೇಲೆ ಹೊಸದಾಗಿ ಏನೂ ಬಂದಿಲ್ಲ. ಹೆಚ್ಚುಕಡಿಮೆ ಇದ್ದ ಜಾಗವನ್ನೇ ನಾಲ್ಕು ಪಾಲಿನ ಬದಲು ಐದು ಪಾಲು ಮಾಡಿದ್ದಾರೆ, ಅಷ್ಟೇ. ಸ್ಪ್ರಾಕೆಟ್ ಹಳೆಯದೇ ಇದ್ದರೆ ಅರವತ್ತರಲ್ಲಿ ಎಂಜಿನ್ ಮೊದಲು ಎಷ್ಟು ಸುತ್ತುತ್ತಿತ್ತೋ ಈಗಲೂ ಅಷ್ಟೇ ಸುತ್ತುತ್ತದೆ.

ಓದಿದ್ದು ಸಾಲದು ಅಂತ ಮನೆಯಂಗಳದಲ್ಲಿ ಪರೀಕ್ಷೆ ಮಾಡಿದೆ. ಐದು ಗೇರಿನ ಬಾಕ್ಸ್ ಇದ್ದಾಗಲೇ ಗಾಡಿಗೆ ಮೇನ್ ಸ್ಟ್ಯಾಂಡ್ ಹಾಕಿ, ಸ್ಪಾರ್ಕ್ ಪ್ಲಗ್ ಬಿಚ್ಚಿ, ಟಾಪ್ ಗೇರಿನಲ್ಲಿಟ್ಟೆ. ನಾನು ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತಿ ಕೂತೆ. ಮಗ ಹಿಂದಿನ ಚಕ್ರವನ್ನು ನಿಧಾನಕ್ಕೆ ತಿರುಗಿಸಿದ. ಎಂಜಿನ್ ಎರಡು ಸುತ್ತು ಬಂದಾಗ ಒಂದು ಸಲ ಗಾಳಿ ಹೆಬ್ಬೆರಳನ್ನು ಪುಸ್ ಅಂತ ತಳ್ಳುತ್ತದೆ. ಚಕ್ರ ಆರು ಸುತ್ತು ಬರುವಷ್ಟರಲ್ಲಿ ಹದಿನಾರು ಪುಸ್. ಹಳೆಯ ಬಾಕ್ಸ್ ವಾಪಸ್ ಕೂರಿಸಿ, 17 ಹಲ್ಲು ಹಾಕಿದ ಮೇಲೆ ಮತ್ತೆ ಎಣಿಸಿದೆವು. ಹದಿನೈದು. ಆ ಒಂದು ಪುಸ್ ಉಳಿಸಿದ್ದು ಒಂದು ಹಲ್ಲು. ಅಂದರೆ ಅದೇ ವೇಗಕ್ಕೆ ಎಂಜಿನ್ ಸುಮಾರು ನೂರಕ್ಕೆ ಆರರಷ್ಟು ಕಡಿಮೆ ಸುತ್ತುತ್ತದೆ. ಬೆರಳಿನ ಜೋಮು ಪೂರ್ತಿ ಹೋಗಲಿಲ್ಲ, ಆದರೆ ಈಗ ಮೈಸೂರಿನ ತನಕ ನಿಲ್ಲಿಸದೆ ಹೋಗುತ್ತೇನೆ.

ಐದು ಗೇರಿನಲ್ಲಿ ಒಳ್ಳೆಯದು ಏನೂ ಇಲ್ಲ ಅಂತಲ್ಲ. ಚಾಮುಂಡಿ ಬೆಟ್ಟ ಹತ್ತುವಾಗ ಅದರ ಬೆಲೆ ಗೊತ್ತಾಗುತ್ತದೆ. ಹಳೆಯದರಲ್ಲಿ ಎರಡರಲ್ಲಿ ಅರಚುತ್ತದೆ, ಮೂರಕ್ಕೆ ಹಾಕಿದರೆ ಒದ್ದಾಡುತ್ತದೆ. ಐದು ಗೇರಿನದರಲ್ಲಿ ಆ ತಿರುವುಗಳಿಗೆ ಸರಿಯಾದ ಗೇರ್ ಯಾವಾಗಲೂ ಸಿಗುತ್ತಿತ್ತು. ಹೆಂಡತಿ ಹಿಂದೆ ಕೂತಿದ್ದರೂ ಗಾಡಿ ಸಲೀಸಾಗಿ ಹತ್ತುತ್ತಿತ್ತು. ಆದರೆ ನಾನು ಬೆಟ್ಟಕ್ಕೆ ಹೋಗುವುದು ವರ್ಷಕ್ಕೆ ನಾಲ್ಕೈದು ಸಲ.

ಇನ್ನು ನನ್ನನ್ನು ನಿಜವಾಗಿ ಸೋಲಿಸಿದ ವಿಷಯಕ್ಕೆ ಬರುತ್ತೇನೆ. ಅದು ಗೇರೇ ಅಲ್ಲ, ಬ್ರೇಕು.

ಹಳೆಯ ಬುಲೆಟ್‌ನಲ್ಲಿ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಹಿಂದಿನ ಚಕ್ರದ ಡ್ರಮ್ಮೂ ಎಡಗಡೆಯೇ ಇದೆ. ಪೆಡಲಿನಿಂದ ಒಂದು ಕಂಬಿ ನೆಟ್ಟಗೆ ಡ್ರಮ್ಮಿಗೆ ಹೋಗುತ್ತದೆ. ತುಳಿದರೆ ಹಿಡಿಯುತ್ತದೆ, ಬಿಟ್ಟರೆ ಬಿಡುತ್ತದೆ. ನಾನು ತಂದ ಐದು ಗೇರಿನ ಬಾಕ್ಸಿಗೆ ಗೇರ್ ಎಡಗಡೆ. ಹಾಗಾಗಿ ಬ್ರೇಕ್ ಪೆಡಲ್ ಬಲಕ್ಕೆ ಹೋಗಲೇಬೇಕು. ಡ್ರಮ್ ಮಾತ್ರ ಎಡಗಡೆಯೇ ಉಳಿಯಿತು. ಬಲಗಡೆ ತುಳಿದದ್ದು ಎಡಗಡೆಗೆ ಮುಟ್ಟಲಿ ಅಂತ ಮೆಕ್ಯಾನಿಕ್ ಗಾಡಿಯ ಕೆಳಗೆ ಅಡ್ಡಕ್ಕೆ ಒಂದು ಶಾಫ್ಟ್ ಹಾಕಿ, ಎರಡೂ ತುದಿಗೆ ತೋಳು ವೆಲ್ಡ್ ಮಾಡಿಕೊಟ್ಟ.

ಮೊದಲ ತಿಂಗಳು ಚೆನ್ನಾಗಿತ್ತು. ಆಮೇಲೆ ಶಾಫ್ಟ್ ಕೂರುವ ಬಳೆ, ಅಂದರೆ ಬುಷ್, ಸವೆಯಲು ಶುರುವಾಯಿತು. ಪೆಡಲ್ ಅರ್ಧ ಇಂಚು ಸುಮ್ನೆ ಕೆಳಗೆ ಹೋಗಿ ಆಮೇಲೆ ಹಿಡಿಯುತ್ತಿತ್ತು. ಹಿತ್ತಾಳೆ ಬುಷ್ ಮಾಡಿಸಿದೆ. ಮಳೆಗಾಲದಲ್ಲಿ ಗದ್ದೆ ದಾರಿಯ ಕೆಸರು ಅದರೊಳಗೆ ಸೇರಿ ಶಾಫ್ಟೇ ಕಚ್ಚಿಕೊಂಡಿತು. ತುಳಿದ ಬ್ರೇಕ್ ವಾಪಸ್ ಬರಲಿಲ್ಲ. ಪಾಲಹಳ್ಳಿ ಹತ್ತಿರ ನಿಲ್ಲಿಸಿ ಡ್ರಮ್ ಮುಟ್ಟಿದರೆ ಕೈ ಸುಟ್ಟಿತು. ವಾರಕ್ಕೊಮ್ಮೆ ಗ್ರೀಸ್ ತುಂಬುವುದೇ ಒಂದು ಕೆಲಸವಾಯಿತು. ಹಿಂಬ್ರೇಕ್ ಮೇಲೆ ನಂಬಿಕೆ ಇಲ್ಲದೆ ಗಾಡಿ ಓಡಿಸುವುದು ಬಹಳ ಕಷ್ಟ ಅಲ್ವಾ.

ಅದಕ್ಕಿಂತ ದೊಡ್ಡದು ಅಪ್ಪನ ಕಾಲು. ಅವರಿಗೆ 74. ಮೂವತ್ತೈದು ವರ್ಷ ಎಡಗಾಲಿನಲ್ಲೇ ಬ್ರೇಕ್ ತುಳಿದವರು. ಕಾಲೂ ಬದಲಾಯಿತು, ದಿಕ್ಕೂ ಬದಲಾಯಿತು. ಹಳೆಯದರಲ್ಲಿ ಒಂದನೇ ಗೇರ್ ಮೇಲಕ್ಕೆ, ಉಳಿದದ್ದು ಕೆಳಕ್ಕೆ. ಹೊಸದರಲ್ಲಿ ಒಂದನೆಯದು ಕೆಳಕ್ಕೆ, ಉಳಿದದ್ದು ಮೇಲಕ್ಕೆ. ಒಂದು ವಾರ ಮನೆ ಮುಂದೆ ಓಡಿಸಿ ಅಭ್ಯಾಸ ಮಾಡಿಕೊಂಡರು. ಸರಿಹೋಯಿತು ಅಂದುಕೊಂಡೆವು. ಒಂದು ಬೆಳಗ್ಗೆ ನಾಲೆ ಏರಿಯ ತಿರುವಿನಲ್ಲಿ ಎದುರಿಗೆ ಕಬ್ಬಿನ ಗಾಡಿ ಬಂದಿದೆ. ಗಾಬರಿಗೆ ಎಡಗಾಲು ತಾನಾಗೇ ಕೆಳಗೆ ಒತ್ತಿದೆ. ಅಲ್ಲಿದ್ದದ್ದು ಬ್ರೇಕ್ ಅಲ್ಲ, ಗೇರ್ ಲಿವರ್. ಮೂರರಲ್ಲಿದ್ದ ಗಾಡಿ ಎರಡಕ್ಕೆ ಬಿದ್ದು, ಹಿಂದಿನ ಚಕ್ರ ಎಳೆದು, ನೀರಿನ ಕಡೆಗೆ ಜಾರಿದೆ. ಮುಂದಿನ ಬ್ರೇಕ್ ಹಿಡಿದು, ಕಾಲು ಊರಿ ಹೇಗೋ ನಿಲ್ಲಿಸಿದರು. ಚಪ್ಪಲಿಯ ಉಂಗುಷ್ಠ ಕಿತ್ತು ಹೋಗಿತ್ತು. ಮನೆಗೆ ಬಂದು ಬೀಗದ ಕೈ ನನ್ನ ಮುಂದೆ ಇಟ್ಟು, “ಬ್ರೇಕ್ ತುಳುದ್ರೆ ಗಾಡಿ ಕಿರ್ಚ್ಕತದೆ ಕಣ್ಲಾ, ನಂಗ್ ಬ್ಯಾಡ ಇದು” ಅಂದರು. ಆ ವಾರವೇ ಬಾಕ್ಸ್ ಬಿಚ್ಚಿಸಿದೆ.

ನ್ಯೂಟ್ರಲ್ ವಿಷಯ ಬಿಟ್ಟರೆ ತಪ್ಪಾಗುತ್ತದೆ. ಹಳೆಯ ಬಾಕ್ಸಿನಲ್ಲಿ ನ್ಯೂಟ್ರಲ್ ಫೈಂಡರ್ ಅಂತ ಸಣ್ಣ ಲಿವರ್ ಇದೆ. ಒಂದನೇ ಗೇರ್ ಬಿಟ್ಟು ಯಾವುದರಲ್ಲಿದ್ದರೂ ಕ್ಲಚ್ ಹಿಡಿದು ಹಿಮ್ಮಡಿಯಲ್ಲಿ ಒತ್ತಿದರೆ ನ್ಯೂಟ್ರಲ್. ಸಿಗ್ನಲ್ಲಿನಲ್ಲಿ ಇದರಷ್ಟು ಸುಖ ಬೇರೆ ಇಲ್ಲ. ಐದು ಗೇರಿನ ಬಾಕ್ಸಿಗೆ ಅದಿಲ್ಲ.

ಸ್ಪ್ರಾಕೆಟ್ ಕೆಲಸ ಸುಲಭ ಅಂದುಕೊಳ್ಳಬೇಡಿ. ಬೇರೆ ಬೈಕಿನ ಹಾಗೆ ಕವರ್ ತೆಗೆದ ಕೂಡಲೇ ಕಾಣುವುದಿಲ್ಲ. ಅದು ಕ್ಲಚ್ಚಿನ ಹಿಂದೆ ಅಡಗಿದೆ. ಕ್ಲಚ್ಚನ್ನು ಮುಚ್ಚಿರುವ ಪ್ರೈಮರಿ ಕೇಸ್ ತೆಗೆದು, ಕ್ಲಚ್ ಬಿಚ್ಚಿ, ಒಳಗಿನ ಕವರ್ ಇಳಿಸಬೇಕು. ಅರ್ಧ ದಿನ ಬೇಕು. ಹೊಸ ಗ್ಯಾಸ್ಕೆಟ್ ಹಾಕಿಸಿ, ಇಲ್ಲದಿದ್ದರೆ ಆಯಿಲ್ ಸೋರುತ್ತದೆ. ಇದ್ದ ಚೈನೇ ಸಾಕಾಯಿತು, ಅಡ್ಜಸ್ಟರ್ ಸ್ವಲ್ಪ ಸಡಿಲಿಸಿದೆವು.

ತೊಂದರೆ ಇದರಲ್ಲೂ ಇದೆ. ಒಂದನೇ ಗೇರ್ ಸ್ವಲ್ಪ ಭಾರ. ಮೇಲುಕೋಟೆಯ ಏರಿನಲ್ಲಿ ಇಬ್ಬರು ಕೂತು ನಿಂತಲ್ಲಿಂದ ಎಬ್ಬಿಸಬೇಕಾದರೆ ಕ್ಲಚ್ ಜಾಸ್ತಿ ಜಾರಿಸಬೇಕು. 18 ಹಲ್ಲು ಹಾಕಿಸೋಣವಾ ಅಂತ ಆಸೆ ಬಂತು. 346 ಸಿಸಿ ಎಂಜಿನ್‌ಗೆ ಅದು ಜಾಸ್ತಿಯಾಯಿತು ಅನಿಸಿ ಬಿಟ್ಟೆ. ಮೈಲೇಜಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಯಾವುದರಲ್ಲೂ ಕಾಣಲಿಲ್ಲ.

ದಾರಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ರಸ್ತೆಗೆ ಬೈಕ್ ಬಿಡುವುದಿಲ್ಲ. ನಮಗೆ ಸರ್ವಿಸ್ ರಸ್ತೆಯೇ ಗತಿ. ಅಲ್ಲಿ ಕಬ್ಬಿನ ಟ್ರ್ಯಾಕ್ಟರ್, ಹಂಪ್, ಅಡ್ಡ ಬರುವ ಹಸು. ಐವತ್ತೈದು, ಅರವತ್ತು ಬಿಟ್ಟು ಮೇಲೆ ಹೋಗುವ ಅವಕಾಶವೇ ಕಡಿಮೆ. ಅಷ್ಟಕ್ಕೆ ನಾಲ್ಕು ಗೇರ್, 17 ಹಲ್ಲು ಧಾರಾಳ.

ದಿನಾ ಘಾಟಿ ಹತ್ತಿ ಇಳಿಯುವವರು, ಎಡಗಾಲಿನ ಗೇರಿನಲ್ಲೇ ಕಲಿತವರು, ಗಾಡಿ ಒಬ್ಬರೇ ಓಡಿಸುವವರು ಐದು ಗೇರ್ ಹಾಕಿಸಿಕೊಳ್ಳಬಹುದು. ನನ್ನ ಬಾಕ್ಸನ್ನು ಪಾಂಡವಪುರದ ಹುಡುಗನೊಬ್ಬ 11,000ಕ್ಕೆ ತೆಗೆದುಕೊಂಡ. ಅಡ್ಡ ಶಾಫ್ಟೂ ಬೇಕು ಅಂದ. ಕೊಟ್ಟೆ, ಆದರೆ ಬುಷ್‌ಗೆ ಗ್ರೀಸ್ ತುಂಬುವ ನಿಪ್ಪಲ್ ಕೂರಿಸಿದ ಮೇಲೆಯೇ ರಸ್ತೆಗೆ ಇಳಿಸಬೇಕು ಅಂತ ಎರಡೆರಡು ಸಲ ಹೇಳಿ ಕಳಿಸಿದೆ.