ಲಿಪೋಸೋಮಾ, ಎಕ್ಸೋಸೋಮಾ?

ಕ್ಯಾನ್ಸರ್ ಔಷಧಿಯನ್ನು ಗೆಡ್ಡೆಗೆ ಹೊತ್ತೊಯ್ಯುವ ಗಾಡಿ ಯಾವುದಿರಲಿ ಅಂತ ಪ್ರಾಜೆಕ್ಟ್‌ಗೆ ಹುಡುಕುತ್ತಿದ್ದೀರಾ? ಲಿಪೋಸೋಮ್, ಅಂದರೆ ಕೊಬ್ಬಿನ ಪದರದಿಂದ ಲ್ಯಾಬ್‌ನಲ್ಲಿ ಮಾಡಿದ ಪುಟಾಣಿ ಚೀಲ, ಪಳಗಿದ ಕುದುರೆ. ಡಾಕ್ಸೋರೂಬಿಸಿನ್ ಎಂಬ ಕೀಮೋ ಔಷಧಿಯನ್ನು ಲಿಪೋಸೋಮ್‌ನಲ್ಲಿ ತುಂಬಿದ ಡಾಕ್ಸಿಲ್‌ಗೆ ಅಮೆರಿಕದಲ್ಲಿ 1995ರಲ್ಲೇ ಒಪ್ಪಿಗೆ ಸಿಕ್ಕಿತು. ಬರೀ ಔಷಧಿಗಿಂತ ಹೃದಯಕ್ಕೆ ಪೆಟ್ಟು ಕಡಿಮೆ, ಆದರೆ ಅಂಗೈ ಅಂಗಾಲು ಕೆಂಪಾಗಿ ಸುಲಿಯುವ ಕಾಟ ಇದೆ.

ಎಕ್ಸೋಸೋಮ್ ಅಂದರೆ ಜೀವಕೋಶಗಳೇ ಹೊರಬಿಡುವ ಪುಟಾಣಿ ಚೀಲ, ಸುಮಾರು 30ರಿಂದ 150 ನ್ಯಾನೋಮೀಟರ್. ಅದರ ಮೈಮೇಲಿನ ಸಿಡಿ47 ಪ್ರೋಟೀನ್ 'ನನ್ನನ್ನು ತಿನ್ನಬೇಡ' ಅಂತ ಕಾವಲು ಕೋಶಗಳಿಗೆ ಸನ್ನೆ ಮಾಡುತ್ತದೆ, ಹಾಗಾಗಿ ರಕ್ತದಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ, 2017ರಲ್ಲಿ ಇಲಿಗಳ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ಗೆ ಕೆಆರ್‌ಎಎಸ್ ಎಂಬ ಗೆಡ್ಡೆ ಬೆಳೆಸುವ ಜೀನ್ ಅಡಗಿಸುವ ಆರ್‌ಎನ್‌ಎ ಒಯ್ಯುವುದರಲ್ಲಿ ಲಿಪೋಸೋಮನ್ನೇ ಹಿಂದೆ ಹಾಕಿತು. ತಯಾರಿಕೆ ಮಾತ್ರ ತಲೆನೋವು! ಒಂದು ಬ್ಯಾಚ್ ಇದ್ದಂತೆ ಇನ್ನೊಂದು ಇರಲ್ಲ.

ಆರ್‌ಎನ್‌ಎ ಆದರೆ ಎಕ್ಸೋಸೋಮ್ ನೋಡಿ. ಮಾಮೂಲಿ ಕೀಮೋ ಔಷಧಿಗೆ ಸುಮ್ನೆ ಲಿಪೋಸೋಮ್ ಹಿಡಿಯಿರಿ.