ಕಂಬದ ಮೇಲಿನ ಮನೆಯ ಕೆಳಬದಿಗೆ ಪ್ಲಾಸ್ಟಿಕ್ ಹಾಳೆ ಬಿಗಿಸುವ ಮುನ್ನ ಇದನ್ನು ಓದಿ

ಬೀದರ ನಗರದಿಂದ ಸ್ವಲ್ಪ ದೂರದಲ್ಲಿರುವ ನಮ್ಮ ಹೊಲದಲ್ಲಿ, ಹಳ್ಳದ ಕಡೆಗೆ ಇಳಿಜಾರಾಗಿರುವ ಎರೆಭೂಮಿಯ ಮೇಲೆ, ಅಪ್ಪ ಮತ್ತು ಅವ್ವನಿಗಾಗಿ ಒಂದು ಚಿಕ್ಕ ಮನೆ ಕಟ್ಟಿಸಿದ್ದೇನೆ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದಲೂ, ಜೋರು ಮಳೆಯಾದಾಗ ನೀರು ಅದೇ ದಾರಿಯಲ್ಲಿ ಹರಿಯುವುದರಿಂದಲೂ, ಮನೆಯನ್ನು ಮೂರು ಅಡಿ ಎತ್ತರದ ಕಂಬಗಳ ಮೇಲೆ ನಿಲ್ಲಿಸಿ, ಕಬ್ಬಿಣದ ತೊಲೆಗಳ ಮೇಲೆ ಸಿಮೆಂಟ್ ಬೋರ್ಡ್ ಹಾಸಿ, ಅಡಿಭಾಗವನ್ನು ನಾಲ್ಕೂ ಕಡೆ ತೆರೆದೇ ಬಿಟ್ಟೆವು. ಆ ನಿರ್ಧಾರದಲ್ಲಿ ತಪ್ಪಿರಲಿಲ್ಲ. ತಪ್ಪಾದದ್ದು ಆಮೇಲೆ, ನೆಲವನ್ನು ಬೆಚ್ಚಗಿಡಲು ಹೊರಟಾಗ.

ಬೀದರ 2,000 ಅಡಿಗೂ ಹೆಚ್ಚು ಎತ್ತರದ ಪ್ರಸ್ಥಭೂಮಿಯ ಮೇಲಿರುವ ಊರು; ಡಿಸೆಂಬರ್, ಜನವರಿಯಲ್ಲಿ ಇಲ್ಲಿನ ರಾತ್ರಿಯ ತಾಪಮಾನ 10 ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು. ಮನೆಯ ಕೆಳಗೆ ಗಾಳಿ ಆಡುವುದರಿಂದ ನಸುಕಿನಲ್ಲಿ ನೆಲ ಕಾಲಿಡಲಾಗದಷ್ಟು ತಣ್ಣಗಾಗುತ್ತಿತ್ತು, ಮೊಣಕಾಲು ನೋವಿರುವ ಅಪ್ಪ ಹಾಸಿಗೆಯಿಂದ ಇಳಿಯಲು ಹಿಂಜರಿಯುತ್ತಿದ್ದರು. ಪರಿಚಯದವರ ಮೂಲಕ ಬಂದ ಗುತ್ತೇದಾರರೊಬ್ಬರು, ತೊಲೆಗಳ ನಡುವೆ ಗ್ಲಾಸ್ ವೂಲ್ (ಗಾಜಿನ ಸಣ್ಣ ಎಳೆಗಳಿಂದ ಮಾಡಿದ, ಹತ್ತಿಯಂತಹ ಹಾಸು) ತುಂಬಿ, ಅದು ಬೀಳದಂತೆ ಕೆಳಗಿನಿಂದ ದಪ್ಪ ಪ್ಲಾಸ್ಟಿಕ್ ಹಾಳೆ ಬಿಗಿದರೆ ಥಂಡಿಯ ಚಿಂತೆಯೇ ಇರುವುದಿಲ್ಲವೆಂದು ಹೇಳಿ, 62,000 ರೂಪಾಯಿ ಪಡೆದು ಮೂರೇ ದಿನಗಳಲ್ಲಿ ಕೆಲಸ ಮುಗಿಸಿದರು. ಕೆಳಗೆ ಬಗ್ಗಿ ನೋಡಿದಾಗ ಎಲ್ಲವೂ ಅಚ್ಚುಕಟ್ಟಾಗಿ ಕಾಣುತ್ತಿತ್ತು. ಒಳಗೆ ಏನಿದೆಯೆಂದು ನಾನು ಕೈ ಹಾಕಿ ನೋಡಲಿಲ್ಲ.

ಮರುವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಬಚ್ಚಲಿನ ಪಕ್ಕದ ಕೋಣೆಯಲ್ಲಿ ಮುಗ್ಗಲು ವಾಸನೆ ಶುರುವಾಯಿತು. ಟಾರ್ಚ್ ಹಿಡಿದು ತೆವಳಿಕೊಂಡು ಒಳಗೆ ಹೋದರೆ, ಪ್ಲಾಸ್ಟಿಕ್ ಹಾಳೆ ಎಮ್ಮೆಯ ಕೆಚ್ಚಲಿನಂತೆ ಜೋತುಬಿದ್ದಿತ್ತು. ಕುಡುಗೋಲಿನ ತುದಿಯಿಂದ ಸೀಳಿದೊಡನೆ ಎರಡು ಬಕೆಟ್‌ಗೂ ಹೆಚ್ಚು ಕಂದು ನೀರು ಧಾರೆಯಾಗಿ ಸುರಿಯಿತು. ಅದರ ಹಿಂದೆಯೇ ಹಿಂಡಿದ ಬಟ್ಟೆಯಂತೆ ಗ್ಲಾಸ್ ವೂಲ್ ಮತ್ತು ಇಲಿಗಳು ಕಟ್ಟಿದ್ದ ಗೂಡು ಕೆಳಗೆ ಬಿದ್ದವು. ಬಚ್ಚಲಿನ ಪೈಪಿನ ಒಂದು ಜೋಡಣೆ ಹನಿಯುತ್ತಿತ್ತು, ಅಷ್ಟೇ. ಹಾಳೆ ಇಲ್ಲದಿದ್ದರೆ ಆ ಹನಿ ಮೊದಲ ವಾರದಲ್ಲೇ ಮಣ್ಣಿನ ಮೇಲೆ ಕಾಣುತ್ತಿತ್ತು. ತಿಂಗಳುಗಟ್ಟಲೆ ಚೀಲದೊಳಗೆ ನಿಂತ ನೀರಿನಿಂದ ಎರಡು ತೊಲೆಗಳು ಹೊಪ್ಪಳಿಕೆ ಏಳುವಷ್ಟು ತುಕ್ಕು ಹಿಡಿದಿದ್ದವು.

ನೋಡಲು ಬಂದ ಪಕ್ಕದ ಹೊಲದ ಹಿರಿಯ ಗೌಂಡಿ ಹೇಳಿದ್ದು ಒಂದೇ ಮಾತು: “ತೊಯ್ದ ಕೌದಿ ಹೊತ್ಕೊಂಡ್ರ ಥಂಡಿ ಹೋಗ್ತದೇನ್ರಿ?” ಶಾಸ್ತ್ರವೂ ಅದನ್ನೇ ಹೇಳುತ್ತದೆ. ಗ್ಲಾಸ್ ವೂಲ್ ಶಾಖವನ್ನು ತಡೆಯುವುದು ತನ್ನ ಎಳೆಗಳ ನಡುವೆ ಹಿಡಿದಿಟ್ಟ ಅಲುಗದ ಗಾಳಿಯಿಂದ. ಆ ಗಾಳಿಯ ಜಾಗಕ್ಕೆ ಬಂದ ನೀರು ಅದಕ್ಕಿಂತ 20 ಪಟ್ಟಿಗೂ ಹೆಚ್ಚು ಶಾಖವನ್ನು ದಾಟಿಸುತ್ತದೆ. ಇನ್ನೊಂದು ದೋಷ ಹಾಳೆ ಬಿಚ್ಚಿದ ಮೇಲಷ್ಟೇ ತಿಳಿಯಿತು: ಒಣಗಿದ್ದ ಕಡೆಯಲ್ಲಿಯೂ ಗ್ಲಾಸ್ ವೂಲ್ ನೆಲದ ಬೋರ್ಡಿಗೆ ಅಂಟಿಕೊಂಡಿರದೆ ನಾಲ್ಕು ಬೆರಳು ಕೆಳಗೆ ಮಲಗಿತ್ತು. ಆ ಸಂದಿಯಲ್ಲಿ ತಣ್ಣನೆಯ ಗಾಳಿ ನುಸುಳುವುದರಿಂದ ಎಷ್ಟು ದಪ್ಪ ತುಂಬಿದರೂ ಪ್ರಯೋಜನವಿಲ್ಲ. ಮೊದಲ ಚಳಿಗಾಲದಲ್ಲಿ ಅಪ್ಪ “ಅಷ್ಟೇನೂ ಫರಕ್ ಕಾಣ್ಲಿಲ್ಲಪ್ಪ” ಎಂದದ್ದನ್ನು ನಾನು ಆಗಲೇ ಗಂಭೀರವಾಗಿ ತೆಗೆದುಕೊಳ್ಳಬೇಕಿತ್ತು.

ಹಿಮ ಬೀಳುವ ದೇಶಗಳಲ್ಲಿ ಆವಿಯನ್ನು ತಡೆಯುವ ಪದರವನ್ನು ಮನೆಯ ಬೆಚ್ಚಗಿನ ಬದಿಗೆ, ಅಂದರೆ ನೆಲದ ಬೋರ್ಡಿಗೆ ಹತ್ತಿಕೊಂಡಂತೆ ಇಡುತ್ತಾರೆ. ತಣ್ಣನೆಯ ಕೆಳಬದಿಗೆ ಅದನ್ನು ಬಿಗಿದರೆ ಒಳಗಿನಿಂದ ಇಳಿದ ತೇವ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಪ್ಲಾಸ್ಟಿಕ್ ಹಾಸಲೇಬೇಕೆಂದರೆ ಅದನ್ನು ಮಣ್ಣಿನ ಮೇಲೆ ಹಾಸಿರಿ, ಎರೆಮಣ್ಣಿನ ತೇವ ಮೇಲೇರದಂತೆ ಅದು ತಡೆಯುತ್ತದೆ.

ಎಲ್ಲವನ್ನೂ ಕೀಳಿಸಿ ಹಾಕಿದೆ. ಆ ಕೆಲಸ ಮಾಡಿಸುವವರು ಆಳುಗಳಿಗೆ ಮಾಸ್ಕ್, ಕೈಗವಸು, ಕನ್ನಡಕ ಕೊಡದೆ ಇರಬೇಡಿ. ಉದುರುವ ಗಾಜಿನ ಎಳೆಗಳಿಂದ ಮೈಯೆಲ್ಲ ತುರಿಸುತ್ತದೆ, ಕಣ್ಣು ಉರಿಯುತ್ತದೆ. ತೊಲೆಗಳ ತುಕ್ಕು ಉಜ್ಜಿಸಿ, ರೆಡ್ ಆಕ್ಸೈಡ್ ಬಳಿಸಿ, ಪೈಪ್ ಸರಿಪಡಿಸಿದ ನಂತರ ನೀರು ಹೀರದ ಗಟ್ಟಿ ಫೋಮ್ ಹಲಗೆಗಳನ್ನು ಬೋರ್ಡಿನ ಅಡಿಗೆ ಸಂದಿಯಿಲ್ಲದಂತೆ ಅಂಟಿಸಿ, ಅಂಚುಗಳನ್ನು ಟೇಪಿನಿಂದ ಮುಚ್ಚಿಸಿದೆ. ಈ ಫೋಮ್ ಬೆಂಕಿಗೆ ಬೇಗ ಸಿಗುವ ವಸ್ತುವಾದ್ದರಿಂದ, ಮತ್ತು ಇಲಿ, ಇರುವೆ, ಗೆದ್ದಲು ಅದನ್ನು ಕೊರೆಯುವುದರಿಂದ, ಅದರ ಕೆಳಗೆ ತೆಳು ಸಿಮೆಂಟ್ ಬೋರ್ಡ್ ಹೊದಿಸಿದ್ದೇನೆ. ಬಚ್ಚಲಿನ ಪೈಪ್ ಹಾದುಹೋಗುವ ಜಾಗವನ್ನು ಮಾತ್ರ ಬೇಕೆಂದೇ ತೆರೆದಿಟ್ಟಿದ್ದೇನೆ. ಈ ಸಲದ ಖರ್ಚು ಮೊದಲಿಗಿಂತ ಹೆಚ್ಚಾಯಿತು, ಹಳೆಯ ಹಣವಂತೂ ಮರಳಲಿಲ್ಲ.

ನಿಮ್ಮ ಮನೆಗೆ ಈಗಾಗಲೇ ಇಂತಹ ಹಾಳೆ ಬಿಗಿಸಿದ್ದರೆ, ಬಚ್ಚಲು ಮತ್ತು ಅಡುಗೆಮನೆಯ ಕೆಳಗೆ ಅಂಗೈ ಅಗಲದಷ್ಟು ಕತ್ತರಿಸಿ, ಕೈ ಒಳಗೆ ಹಾಕಿ ನೋಡಿ. ಒಣಗಿದ್ದರೂ ಗ್ಲಾಸ್ ವೂಲ್ ಬೋರ್ಡಿಗೆ ತಾಗಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ. ಹೊಸದಾಗಿ ಮಾಡಿಸುವವರು ಕೆಳಬದಿ ಮುಚ್ಚುವ ಮೊದಲು ಗುತ್ತೇದಾರರ ಜೊತೆ ತಾವೇ ಒಳಗೆ ತೆವಳಿ ಪ್ರತಿ ತೊಲೆಯ ನಡುವೆ ನೋಡಿ, ಕೊನೆಯ ಕಂತನ್ನು ಆಮೇಲೆ ಕೊಡಿ.