ಚೋಡಣದ ಪಕ್ಷಿಧಾಮಕ್ಕೆ ಎರಡು ಭಾನುವಾರ

ಜನವರಿಯಲ್ಲಿ ಊರಿಂದ ಅಕ್ಕ, ಭಾವ ಬಂದಿದ್ದರು. ಬೀಚು ಸಾಕು ಮಾರಾಯ, ಬೇರೆ ಏನಾದ್ರೂ ತೋರಿಸು ಅಂದರು ಭಾವ. ಗೋವಾದ ಮಾಪುಸಾದಲ್ಲಿ ಹತ್ತೊಂಬತ್ತು ವರ್ಷ ಇದ್ದೂ ನಾನು ಮಾಂಡವಿ ನದಿಯ ಚೋಡಣ ದ್ವೀಪ ನೋಡಿರಲಿಲ್ಲ. ಟೂರ್‌ನವರೊಬ್ಬರಿಗೆ ಫೋನ್ ಮಾಡಿದೆ. ಹೆಸರು ಬೇಡ ಬಿಡಿ. ತಲೆಗೆ 1,200 ರೂಪಾಯಿ. ಮೊಸಳೆ, ನೀರುನಾಯಿ, ನೂರು ತರದ ಹಕ್ಕಿ, ಎಲ್ಲ ಗ್ಯಾರಂಟಿ ಅಂದರು.

ಹತ್ತು ಗಂಟೆಗೆ ದೋಣಿ ಬಿಟ್ಟಿತು. ಭರತಿ, ಅಂದರೆ ಉಬ್ಬರದ ನೀರು, ಪೂರ್ತಿ ಏರಿತ್ತು. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಸೊಂಟದ ತನಕ ನೀರಲ್ಲಿ ನಿಂತಿದ್ದವು. ಮೋಟಾರಿನ ಸದ್ದಿಗೆ ಇದ್ದಬದ್ದ ಹಕ್ಕಿಯೂ ಎದ್ದು ಹೋಯಿತು. ಒಂದು ತಾಸಿಗೆ ನಾವು ನೋಡಿದ್ದು ಎರಡು ಬೆಳ್ಳಕ್ಕಿ, ಒಂದು ಗರುಡ. ನನ್ನ ಲೈಫ್ ಜಾಕೆಟ್ಟಿನ ಬಕಲ್ ಬೇರೆ ಮುರಿದಿತ್ತು. ಮೊಸಳೆ ನೋಡಬೇಕಾದರೆ ಕುಂಭಾರಜುವೆ ಕಾಲುವೆಗೆ ಹೋಗಬೇಕು ಅಂತ ಆಮೇಲೆ ಗೊತ್ತಾಯಿತು. ಈ ಟೂರಿಗೆ ಐದರಲ್ಲಿ ಒಂದು ಅಂಕ, ಅದೂ ಅವರು ಕೊಟ್ಟ ನೀರಿನ ಬಾಟಲಿಗೆ.

ವಾಪಸ್ ಬಂದಾಗ ಜೆಟ್ಟಿಯಲ್ಲಿ ಬಲೆ ಬಿಡಿಸುತ್ತಾ ಕೂತಿದ್ದ ಒಬ್ಬ ಅಜ್ಜ ನಮ್ಮ ಮುಖ ನೋಡಿ ನಕ್ಕರು. 'ಭರತಿಯಲ್ಲಿ ಹಕ್ಕಿ ನೋಡೋಕೆ ಬಂದ್ರಾ ಪಾತ್ರಾಂವ್?' ಅಂತ ಕೊಂಕಣಿಯಲ್ಲಿ ಕೇಳಿದರು. ಪಾತ್ರಾಂವ್ ಅಂದರೆ ಧಣಿ. ನನಗೆ ನಾಚಿಕೆಯಾಯಿತು. ನಾನು ಕುಮಟೆ ಕಡೆಯ ಮಾಣಿಕಟ್ಟಾದವನು, ಗಜನಿ, ಅಂದರೆ ಉಪ್ಪುನೀರು ನುಗ್ಗುವ ಗದ್ದೆ, ಅದರ ಬದಿಯಲ್ಲೇ ಬೆಳೆದವನು. ಕೆಸರನ್ನು ನೀರು ಮುಚ್ಚಿದರೆ ಹಕ್ಕಿಗೆ ಊಟ ಎಲ್ಲಿಂದ? ಇದನ್ನು ನನಗೆ ಯಾರಾದರೂ ಹೇಳಿಕೊಡಬೇಕಿತ್ತಾ?

'ಮುಂದಿನ ಭಾನುವಾರ ಒಂಬತ್ತಕ್ಕೆ ಬನ್ನಿ, ನೀರು ಉಲ್ಟಾ ಇರುತ್ತೆ' ಅಂದರು ಅಜ್ಜ. ಲೆಕ್ಕ ಸರಿಯೇ. ಭರತಿ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಜಾರುತ್ತದೆ. ವಾರ ಕಳೆದರೆ ಭರತಿ ಇದ್ದ ಹೊತ್ತಿಗೆ ಹೆಚ್ಚುಕಡಿಮೆ ಇಳಿತ.

ಎರಡನೇ ಸಲ ನಾವೇ ಹೋದೆವು. ರಿಬಂದರ್‌ನಿಂದ ಫೆರಿ, ನಡೆದು ಹತ್ತಿದ ನಮಗೆ ದುಡ್ಡು ಬೀಳಲಿಲ್ಲ. ಮಾಂಡವಿ ದಾಟಿದರೆ ಚೋಡಣ. ಇದು ಜನರಿಲ್ಲದ ದ್ವೀಪ ಅಂದುಕೊಂಡು ಹೋಗಬೇಡಿ. ಮನೆ, ಇಗರ್ಜಿ, ದೇವಸ್ಥಾನ ಎಲ್ಲ ಇವೆ. ಪಶ್ಚಿಮದ ತುದಿಯ ಸುಮಾರು 1.8 ಚದರ ಕಿಲೋಮೀಟರ್ ಮಾತ್ರ ಹಕ್ಕಿಗಳದ್ದು. 1988ರಲ್ಲಿ ಅದನ್ನು ಪಕ್ಷಿಧಾಮ ಮಾಡಿ, ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದ ಪಕ್ಷಿತಜ್ಞ ಸಲೀಂ ಅಲಿಯವರ ಹೆಸರಿಟ್ಟರು. ನಿಜಕ್ಕೂ ಮನುಷ್ಯರಿಲ್ಲದ ಹಕ್ಕಿದ್ವೀಪ ಬೇಕೆಂದರೆ ನಮ್ಮ ಮುರ್ಡೇಶ್ವರದ ನೇತ್ರಾಣಿ ಇದೆ, ಕಡಲಹದ್ದು ಗೂಡು ಕಟ್ಟುವ ಜಾಗ. ಅದರ ಸುದ್ದಿ ಇನ್ನೊಮ್ಮೆ.

ಅಜ್ಜನದ್ದು ಸಣ್ಣ ಪಾತಿ ದೋಣಿ. ಮೋಟಾರಿಲ್ಲ, ಉದ್ದ ಗಳ ಅಷ್ಟೇ. ಇಳಿತ ಮುಗಿದು ನೀರು ತಿರುಗುವ ಹೊತ್ತಿಗೆ ಒಳಗೆ ಹೋಗಬೇಕಂತೆ. ಸಿಕ್ಕಿಹಾಕಿಕೊಂಡರೂ ಬರುವ ನೀರೇ ಎತ್ತುತ್ತದೆ. ಹೇಳಿದ ಹಾಗೇ ಸಿಕ್ಕಿಹಾಕಿಕೊಂಡೆವು. ತೋಡಿನ ನಡುವೆ, ಸುಮಾರು ಇಪ್ಪತ್ತು ನಿಮಿಷ.

ಇಡೀ ಟ್ರಿಪ್ಪಿನಲ್ಲಿ ಚೆನ್ನಾಗಿದ್ದದ್ದು ಆ ಇಪ್ಪತ್ತು ನಿಮಿಷವೇ. ಒಂದು ಮಾರು ದೂರದಲ್ಲಿ ಕೆಸರು ಹೊಳೆಯುತ್ತಿತ್ತು. ಮೊದಲು ಏನೂ ಕಾಣಲಿಲ್ಲ. ಸುಮ್ನೆ ಕೂತ ಮೇಲೆ ಒಂದೊಂದೇ ತೂತಿನಿಂದ ಏಡಿ ಹೊರಬಂತು. ಗಂಡಿಗೆ ಒಂದು ಕೊಂಬು, ಅಂದರೆ ಚಿಮುಟದಂಥ ಕೈ, ಮೈಯಷ್ಟೇ ದೊಡ್ಡದು. ಅದನ್ನು ಮೇಲೆತ್ತಿ, ಬಾ ಬಾ ಅಂತ ಕರೆದ ಹಾಗೆ ಆಡಿಸುತ್ತದೆ. ಪಕ್ಕದಲ್ಲೇ ಕಣ್ಣು ನೆತ್ತಿಗೆ ಹತ್ತಿದ ಮೀನೊಂದು ರೆಕ್ಕೆ ಊರಿ ಕಪ್ಪೆಯ ಹಾಗೆ ಜಿಗಿಯುತ್ತಿತ್ತು. ಕಾಂಡ್ಲಾ ಗಿಡ ಉಸಿರಾಡಲು ಕೆಸರಿಂದ ಮೇಲೆ ಚಾಚುವ ಬೆರಳುದ್ದ ಉಸಿರುಬೇರುಗಳ ನಡುವೆ ಗೊರವಗಳ ಹಿಂಡು, ಹೊಲಿಗೆ ಯಂತ್ರದ ಸೂಜಿಯ ಹಾಗೆ ಕೊಕ್ಕು ಚುಚ್ಚುತ್ತಾ ಹೋಗುತ್ತಿತ್ತು. ನೀರುಕಾಗೆ ರೆಕ್ಕೆ ಬಿಡಿಸಿ ಬಿಸಿಲಿಗೆ ಹಿಡಿದು ಕೂತಿತ್ತು. ಅಕ್ಕ ಒಂದೂ ಫೋಟೋ ತೆಗೆಯಲಿಲ್ಲ. ಇದು ಆಕೆಯ ಮಟ್ಟಿಗೆ ದೊಡ್ಡ ಮಾತು. ಅಜ್ಜ ತಲೆ ಮೇಲಿನ ಕಾಂಡ್ಲಾ ಎಲೆ ತೋರಿಸಿ ನೆಕ್ಕಿ ನೋಡಿ ಅಂದರು. ಉಪ್ಪು! ಗಿಡವೇ ಹೊರಗೆ ಹಾಕುತ್ತದಂತೆ.

ಭಾವನಿಗೆ ಮಾತ್ರ ಸುಮ್ಮನಿರಲು ಆಗಲಿಲ್ಲ. ದೋಣಿ ತಳ್ಳುತ್ತೇನೆ ಅಂತ ಇಳಿದೇಬಿಟ್ಟರು. ಮೊಣಕಾಲು ತನಕ ಹೂತರು. ಗೊರವಗಳೆಲ್ಲ ಒಂದೇ ಸಲಕ್ಕೆ ಎದ್ದವು. ಅಜ್ಜ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ನ್ಯಾಯವಾದ ಬೈಗುಳವೇ.

ಅಜ್ಜ ಇಡೀ ದೋಣಿಗೆ ತಗೊಂಡದ್ದು 1,500 ರೂಪಾಯಿ. ಐದಕ್ಕೆ ನಾಲ್ಕೂವರೆ. ಅರ್ಧ ಕಡಿಮೆ ಯಾಕೆಂದರೆ ದೋಣಿಯಲ್ಲಿ ನೆರಳಿಲ್ಲ, ಹಲಗೆ ಮೇಲೆ ಎರಡು ತಾಸು ಕೂತರೆ ಸೊಂಟ ಹೋಗುತ್ತದೆ. ಚಳಿಗಾಲದಲ್ಲೇ ಹೋಗಿ, ವಲಸೆ ಹಕ್ಕಿ ಆಗಲೇ ಜಾಸ್ತಿ. ಟೋಪಿ, ನೀರು ಇಟ್ಟುಕೊಳ್ಳಿ. ಬುಕ್ ಮಾಡುವಾಗ ರೇಟಿಗಿಂತ ಮೊದಲು ಇಳಿತ ಎಷ್ಟು ಹೊತ್ತಿಗೆ ಅಂತ ಕೇಳಿ. ಉತ್ತರ ಬರದಿದ್ದರೆ ಫೋನ್ ಇಟ್ಟುಬಿಡಿ.

ಮೊನ್ನೆ ಭಾವ ಫೋನ್ ಮಾಡಿದ್ದರು. ಹಕ್ಕಿ ಸುದ್ದಿ ಕೇಳುತ್ತಾರೆ ಅಂದುಕೊಂಡೆ. 'ಆ ಎಡಗಾಲಿನ ಚಪ್ಪಲಿ ಸಿಕ್ತಾ, ಅಜ್ಜನ್ನ ಕೇಳಿದ್ಯಾ?' ಅಂದರು.